ಜಮೋವಿ: ಅಂಕಿಅಂಶಕ್ಕೆ ಮೊದಲ ಸಾಫ್ಟ್‌ವೇರ್

ಕೋಡ್ ಬರೆಯದೆ ಡೇಟಾ ವಿಶ್ಲೇಷಣೆ ಶುರು ಮಾಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಜಮೋವಿಯನ್ನೇ. ಉಚಿತ, ಒಳಗೆ ಲೆಕ್ಕ ಹಾಕುವುದು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ.

ಸಿಎಸ್‌ವಿ ಫೈಲ್ (ಕೋಷ್ಟಕವನ್ನು ಸರಳ ಪಠ್ಯವಾಗಿ ಇಡುವ ಫೈಲ್) ತೆರೆದ ಕೂಡಲೇ ಪ್ರತಿ ಕಾಲಮ್‌ನ ಹೆಸರಿನ ಪಕ್ಕದ ಚಿಹ್ನೆ ನೋಡಿ, ಅದರಲ್ಲಿರುವುದು ಯಾವ ಬಗೆಯ ಮಾಹಿತಿ ಎಂದು ಅದು ತೋರಿಸುತ್ತದೆ. ಹೊಸಬರು ಸಿಕ್ಕಿಕೊಳ್ಳುವುದು ಇಲ್ಲೇ. ತೂಕದ ಕಾಲಮ್‌ನಲ್ಲಿ ಒಂದೇ ಒಂದು ಕಡೆ ‘62 ಕೆಜಿ’ ಎಂದಿದ್ದರೂ ಇಡೀ ಕಾಲಮ್ ಪಠ್ಯವಾಗಿಬಿಡುತ್ತದೆ, ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಅದನ್ನು ಒಪ್ಪುವುದಿಲ್ಲ. ಮೂಲ ಫೈಲ್‌ನಲ್ಲೇ ‘ಕೆಜಿ’ ಅಳಿಸಿ ಮತ್ತೆ ತೆರೆಯಿರಿ. ಆಮೇಲೂ ಚಿಹ್ನೆ ತಪ್ಪಿದ್ದರೆ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಕಂಟಿನ್ಯೂಯಸ್’ (ಅಳತೆಯ ಅಂಕಿ) ಆರಿಸಿ.

ಟಿ-ಟೆಸ್ಟ್‌ನಲ್ಲಿ ಎರಡೂ ಗುಂಪುಗಳ ಹರಡಿಕೆ ಒಂದೇ ಎಂದುಕೊಳ್ಳುವ ‘ಸ್ಟೂಡೆಂಟ್ಸ್’ ಬಗೆ ಮೊದಲೇ ಟಿಕ್ ಆಗಿರುತ್ತದೆ. ಎರಡು ಗುಂಪುಗಳ ಹರಡಿಕೆ ಬೇರೆಬೇರೆ ಇದ್ದರೆ ‘ವೆಲ್ಚ್ಸ್’ ಬಳಸಿ. ಅಂಕಿಗಳ ಹರಡಿಕೆಯನ್ನು ಪೆಟ್ಟಿಗೆಯಾಗಿ ತೋರಿಸುವ ಗ್ರಾಫ್ ಆದ ಬಾಕ್ಸ್ ಪ್ಲಾಟ್ ‘ಡಿಸ್ಕ್ರಿಪ್ಟಿವ್ಸ್’ ಒಳಗಿದೆ, ಬಲ ಕ್ಲಿಕ್ ಮಾಡಿದರೆ ಪಿಡಿಎಫ್ ಆಗಿ ಸಿಗುತ್ತದೆ. ಗ್ರಾಫ್ ಅನ್ನು ಇಂಚಿಂಚೂ ತಿದ್ದಬೇಕೆಂದರೆ ಮಾತ್ರ ಆರ್‌ನಲ್ಲಿ ಗ್ರಾಫ್ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್2 ಕಲಿಯಬೇಕು.