ಟ್ರ್ಯಾಕ್ಟರ್‌ಗೆ ಸಿಟೇನ್ ಬಾಟಲಿಯೋ, ಬಯೋಡೀಸೆಲ್ಲೋ?

ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಇಳಿಸುವವರಿಗೆ ಈ ಮಾತು. ಸಿಟೇನ್ ಅಡಿಟಿವ್ (ಡೀಸೆಲ್‌ಗೆ ಬೆರೆಸಲು ಬಾಟಲಿಯಲ್ಲಿ ಬರುವ ದ್ರವ) ಹಾಕಿದರೆ ಡೀಸೆಲ್ ಬೇಗ ಹೊತ್ತಿಕೊಳ್ಳುತ್ತದೆ, ಚಳಿಯಲ್ಲಿ ಸ್ಟಾರ್ಟ್ ಸುಲಭ. ರಾಯಚೂರಿನ ಬಿಸಿಲಿಗೆ ಅದೆಲ್ಲಿ ಬೇಕು? ಬಂಕಿನ ಬಿಎಸ್-6 (ಈಗಿನ ಹೊಗೆ ನಿಯಮದ) ಡೀಸೆಲ್‌ನಲ್ಲೇ ಸಿಟೇನ್ ಸಂಖ್ಯೆ, ಅಂದರೆ ಎಷ್ಟು ಬೇಗ ಹೊತ್ತುತ್ತದೆ ಎಂಬ ಅಳತೆ, ಕನಿಷ್ಠ 51 ಇರಬೇಕು. ಸುಮ್ನೆ ದುಡ್ಡು ಸುರಿಯಬೇಡಿ.

ಡೀಸೆಲ್‌ಗೆ 20% ಬಯೋಡೀಸೆಲ್ (ಸಸ್ಯದ ಎಣ್ಣೆ ಇತ್ಯಾದಿಯನ್ನು ಸಂಸ್ಕರಿಸಿ ಮಾಡಿದ ಇಂಧನ) ಬೆರೆಸಿದ ಮಿಶ್ರಣದ ಕಥೆ ಬೇರೆ. ಪಂಪು, ಇಂಜೆಕ್ಟರ್ ಸವೆಯುವುದು ಕಡಿಮೆ, ಹೊಗೆಯೂ ಕಡಿಮೆ. ಶಕ್ತಿ 1-2% ಇಳಿಯುತ್ತದೆ, ಅಷ್ಟೇ. ಆದರೆ ಹಳೆ ಟ್ಯಾಂಕಿನ ಕೊಳೆಯನ್ನು ಕರಗಿಸಿ ತರುವುದರಿಂದ ಮೊದಮೊದಲು ಫಿಲ್ಟರ್ ಕಟ್ಟಿಕೊಳ್ಳಬಹುದು. ಹಳೆ ರಬ್ಬರ್ ಪೈಪೂ ಮೆತ್ತಗಾಗಬಹುದು. ನೀರು ಹೀರುವ ಗುಣ ಜಾಸ್ತಿ, ಹಾಗಾಗಿ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಬೇಡ. ದಿನಾ ಓಡುವ ಗಾಡಿಗೆ, ಕಂಪನಿಯ ಕೈಪಿಡಿ ಒಪ್ಪಿದ್ದರೆ, ನನ್ನ ಮತ ಇದಕ್ಕೇ. ಹೊಂಗೆ ಎಣ್ಣೆಯನ್ನು ಮಾತ್ರ ಹಾಗೇ ಹಾಕಬೇಡಿ, ಅದು ದಪ್ಪ, ಇಂಜೆಕ್ಟರ್‌ನಲ್ಲಿ ಮಸಿ ಕಟ್ಟುತ್ತದೆ.