ಗ್ಲಾಸ್ಗೋದಲ್ಲಿ ಆರು ದಿನದ ಬಾಡಿಗೆ ಎಲೆಕ್ಟ್ರಿಕ್ ಕಾರು

ನಮ್ಮ ಗದಗಿನಲ್ಲಿ ಈಗ ಪ್ರತಿ ಓಣಿಯಲ್ಲೂ ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸಿದ ಒಂದೆರಡು ಮನೆ ಇವೆ. ತಂದೆ ತಾಯಿ ಹೋಗಿ ಎರಡು ತಿಂಗಳು ಇದ್ದು ಬರುತ್ತಾರೆ. ಮಕ್ಕಳಿಗೆ ರಜೆ ಇದ್ದ ದಿನ ಮಾತ್ರ ಊರು ನೋಡುತ್ತಾರೆ, ಉಳಿದ ದಿನ ಕಿಟಕಿ ಮುಂದೆ ಕೂಡುತ್ತಾರೆ. ನನಗೆ ಹಾಗೆ ಕೂಡಲು ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಮಗನ ಮನೆಗೆ ಹೋದಾಗ ಆರು ದಿನಕ್ಕೆ ಒಂದು ಎಲೆಕ್ಟ್ರಿಕ್ ಕಾರು ಬಾಡಿಗೆಗೆ ಹಿಡಿದೆ. ಓಡಿಸಿದ್ದೂ ನಾನೇ.

ನನ್ನ ವಯಸ್ಸು 61. ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಿಯಾಗಿದ್ದೇನೆ. ಮುಳಗುಂದ ನಾಕಾ ಕಡೆ ಮನೆ. ನಾಲ್ಕು ವರ್ಷದಿಂದ ನೆಕ್ಸಾನ್ ಇವಿ ಓಡಿಸುತ್ತಿದ್ದೇನೆ. ಕಾರಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತೇನೆ, ಬಾಡಿಗೆ ಕೊಟ್ಟ ಕಂಪನಿಗೆ ಐದು. ಕಂಪನಿಯ ಹೆಸರು ಬರೆಯುವುದಿಲ್ಲ. ದೊಡ್ಡದು, ಏರ್‌ಪೋರ್ಟ್‌ನಲ್ಲೇ ಕೌಂಟರ್ ಇದೆ.

ಮೊದಲು ಲೈಸೆನ್ಸ್ ವಿಷಯ. ಬ್ರಿಟನ್‌ಗೆ ಹೋದವರು ನಮ್ಮ ಭಾರತದ ಲೈಸೆನ್ಸ್ ಮೇಲೆಯೇ 12 ತಿಂಗಳವರೆಗೆ ಕಾರು ಓಡಿಸಬಹುದು. ಆದರೂ ನಾನು ಗದಗ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿದ್ದೆ. ಸಾವಿರ ರೂಪಾಯಿ ಶುಲ್ಕ, ಒಂದು ವರ್ಷ ನಡೆಯುತ್ತದೆ. ಕೌಂಟರ್‌ನ ಹುಡುಗ ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಪರವಾನಗಿ ಪುಸ್ತಕ ಮುಂದಿಟ್ಟೆ, ಮಾತು ಅಲ್ಲಿಗೇ ಮುಗಿಯಿತು. ಇನ್ನೊಂದು ಮಾತು: ಈ ಕಂಪನಿಯಲ್ಲಿ ಯಾರು ಕಾರು ಓಡಿಸುತ್ತಾರೋ ಅವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು. ನನ್ನ ಪಕ್ಕದ ಸಾಲಿನಲ್ಲಿದ್ದ ಒಬ್ಬರು ಡೆಬಿಟ್ ಕಾರ್ಡ್ ಹಿಡಿದು ನಿಂತಿದ್ದರು, ಅವರಿಗೆ ಕಾರು ಕೊಡಲೇ ಇಲ್ಲ.

ಹಣದ ವಿಷಯದಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ. ನಮ್ಮ ಕಡೆಯವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಆರು ದಿನದ ಬಾಡಿಗೆ 252 ಪೌಂಡ್. ಅದೇ ಅಳತೆಯ ಪೆಟ್ರೋಲ್ ಕಾರು ದಿನಕ್ಕೆ 7 ಪೌಂಡ್ ಜಾಸ್ತಿ ಇತ್ತು. ಬಾಡಿಗೆಯ ಮೇಲೆ 300 ಪೌಂಡ್ ಠೇವಣಿ ಅಂತ ಕಾರ್ಡ್‌ನಲ್ಲಿ ತಡೆಹಿಡಿದರು. ಅದು ಖರ್ಚಲ್ಲ, ಆದರೆ ಬಿಡುಗಡೆ ಆಗುವವರೆಗೆ ನಿಮ್ಮ ಮಿತಿಯಲ್ಲಿ ಅಷ್ಟು ಕಡಿಮೆ. ನನಗೆ ಎಂಟು ದಿನ ಹಿಡಿಯಿತು.

ಹುಡುಗ ಮಷೀನ್ ಚಾಚಿದ. ಪರದೆ ಮೇಲೆ ಎರಡು ಸಾಲು: ಮೇಲೆ ರೂಪಾಯಿ, ಕೆಳಗೆ ಪೌಂಡ್. ಅವನ ಬೆರಳು ರೂಪಾಯಿ ಮೇಲೆ ಹೋಗುತ್ತಿತ್ತು. "ಬೇಡ, ಪೌಂಡ್" ಅಂದೆ. ರೂಪಾಯಿ ಒತ್ತಿದರೆ ವಿನಿಮಯ ದರ ಹಾಕುವುದು ಮಷೀನ್ ಕಡೆಯವರು, ಅದು ಯಾವತ್ತೂ ತುಟ್ಟಿ. ಪೌಂಡ್ ಒತ್ತಿದರೆ ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿನ ದರ, ಅದರ ಮೇಲೆ ಅವರ ವಿದೇಶಿ ಶುಲ್ಕ ಅಷ್ಟೇ. ಪರದೆ ಮೇಲೆ ನಮ್ಮ ದುಡ್ಡಿನ ಗುರುತು ಕಂಡ ಕೂಡಲೇ ಮನಸ್ಸಿಗೆ ಸಮಾಧಾನ ಆಗುತ್ತದೆ, ಅಲ್ವಾ? ಆ ಸಮಾಧಾನಕ್ಕೇ ಅವರು ದುಡ್ಡು ತಗೊಳ್ಳುತ್ತಾರೆ.

ಆಮೇಲೆ ವಿಮೆ. ಬಾಡಿಗೆಯಲ್ಲೇ ವಿಮೆ ಸೇರಿರುತ್ತದೆ, ಆದರೆ ಕಾರಿಗೆ ಏಟು ಬಿದ್ದರೆ ಮೊದಲ 1,250 ಪೌಂಡ್ ನಮ್ಮದು ಅಂತ ನನ್ನ ಕರಾರಿನಲ್ಲಿತ್ತು. ಅದನ್ನು ಸೊನ್ನೆ ಮಾಡಲು ಕೌಂಟರ್‌ನಲ್ಲಿ ದಿನಕ್ಕೆ 24 ಪೌಂಡ್ ಕೇಳಿದರು. ಆರು ದಿನಕ್ಕೆ 144, ಅಂದರೆ ಬಾಡಿಗೆಯ ಅರ್ಧಕ್ಕಿಂತ ಜಾಸ್ತಿ. ನಾನು ಊರು ಬಿಡುವ ಮೊದಲೇ ಬೇರೆ ವಿಮೆ ಕಂಪನಿಯಿಂದ ಅದೇ ರಕ್ಷಣೆಯನ್ನು 33 ಪೌಂಡ್‌ಗೆ ಕೊಂಡಿದ್ದೆ. ಭಾರತದಲ್ಲಿ ಇರುವವರಿಗೂ ಕೊಡುತ್ತಾರಾ, ಟೈರು ಮತ್ತು ಗಾಜು ಸೇರುತ್ತಾ ಅಂತ ಎರಡು ಸಲ ಓದಿ ನೋಡಿದ್ದೆ. ಇದರಲ್ಲಿ ಒಂದು ತೊಂದರೆ ಇದೆ. ಏಟು ಬಿದ್ದರೆ ಮೊದಲು ಬಾಡಿಗೆ ಕಂಪನಿಗೆ ನೀವೇ ಕಟ್ಟಬೇಕು, ಆಮೇಲೆ ಕ್ಲೇಮ್ ಹಾಕಿ ವಾಪಸು ಪಡೆಯಬೇಕು. ಕಾರ್ಡ್‌ನಲ್ಲಿ ಅಷ್ಟು ಮಿತಿ ಇಲ್ಲದವರು ಕೌಂಟರ್‌ನದ್ದೇ ತಗೊಳ್ಳುವುದು ಒಳ್ಳೆಯದು. ಎಲೆಕ್ಟ್ರಿಕ್ ಕಾರಿನ ರಿಪೇರಿ ತುಟ್ಟಿ ಅನ್ನುವುದು ಸುಮ್ನೆ ಹೆದರಿಸುವ ಮಾತೂ ಅಲ್ಲ. ಕಾರು ಬಾಡಿಗೆ ಕೊಡುವ ಹರ್ಟ್ಜ್ ಕಂಪನಿ 2021ರಲ್ಲಿ ಒಂದು ಲಕ್ಷ ಟೆಸ್ಲಾ ಎಲೆಕ್ಟ್ರಿಕ್ ಕಾರು ತಗೊಳ್ಳುತ್ತೇವೆ ಅಂತ ಸಾರಿತ್ತು. 2024ರ ಜನವರಿಯಲ್ಲಿ ಅಮೆರಿಕದ ತನ್ನ ಸುಮಾರು 20,000 ಎಲೆಕ್ಟ್ರಿಕ್ ಕಾರು ಮಾರುತ್ತೇವೆ ಅಂದಿತು. ಅವರು ಕೊಟ್ಟ ಕಾರಣಗಳಲ್ಲಿ ರಿಪೇರಿ ಖರ್ಚೂ ಒಂದು.

ಈಗ ಕಾರು. ಎಂಜಿ 4, 64 ಯುನಿಟ್ ಬ್ಯಾಟರಿ. ನಂಬರ್ ಪ್ಲೇಟಿನ ಎಡತುದಿಯಲ್ಲಿ ಒಂದು ಹಸಿರು ಪಟ್ಟಿ. ನಮ್ಮಲ್ಲಿ ಪ್ಲೇಟೇ ಹಸಿರು, ಅಲ್ಲಿ ಪಟ್ಟಿ ಮಾತ್ರ. ಚಾರ್ಜಿಂಗ್ ಮುಚ್ಚಳ ತೆಗೆದೆ. ಮೇಲೆ ದುಂಡಗೆ ಏಳು ಕಡ್ಡಿ, ಕೆಳಗೆ ದಪ್ಪನೆಯವು ಎರಡು. ನಮ್ಮ ಮನೆ ಕಾರಿನದ್ದೇ ಸಾಕೆಟ್! ಬ್ರಿಟನ್‌ನಲ್ಲೂ ನಮ್ಮಲ್ಲೂ ಒಂದೇ ಮಾದರಿಯ ಸಾಕೆಟ್, ಹೆಸರು ಸಿಸಿಎಸ್ 2. ಸ್ಟೇರಿಂಗ್ ಬಲಕ್ಕೆ, ಗಾಡಿ ಎಡಕ್ಕೆ, ಅದೂ ನಮ್ಮಂತೆಯೇ. ಅರ್ಧ ಹೆದರಿಕೆ ಅಲ್ಲೇ ಹೋಯಿತು. ನಮ್ಮಲ್ಲಿ ಎಲೆಕ್ಟ್ರಿಕ್ ಕಾರು ಓಡಿಸಿದವರಿಗೆ ಅಲ್ಲಿ ಹೊಸದಾಗಿ ಕಲಿಯುವುದು ಕಡಿಮೆ.

ಕರಾರಿನಲ್ಲಿ 80 ಪರ್ಸೆಂಟ್ ಚಾರ್ಜ್ ಇಟ್ಟು ಕೊಡುತ್ತೇವೆ, 70ಕ್ಕಿಂತ ಕಡಿಮೆ ಇಲ್ಲದಂತೆ ವಾಪಸು ಕೊಡಿ ಅಂತ ಬರೆದಿತ್ತು. ಮೀಟರ್ ತೋರಿಸಿದ್ದು 63. ಹುಡುಗನನ್ನು ಕರೆದು ಕಾಗದದ ಮೇಲೆ 63 ಅಂತ ಬರೆಸಿಕೊಂಡೆ, ಮೀಟರ್‌ನ ಫೋಟೋನೂ ತೆಗೆದೆ. ಡಿಕ್ಕಿ ಮಾತ್ರ ತೆಗೆದು ನೋಡಲಿಲ್ಲ. ಅದರ ಫಲ ಮರುದಿನ ಸಿಕ್ಕಿತು.

ಮರುದಿನ ನಾನು, ನಮ್ಮ ಮನೆಯವರು ಇಬ್ಬರೇ ಉತ್ತರದ ಗುಡ್ಡಗಾಡಿನ ಊರಾದ ಫೋರ್ಟ್ ವಿಲಿಯಮ್‌ಗೆ ಹೊರಟೆವು. ಹೊರಡುವಾಗ ಮಗ ಬಾಗಿಲಲ್ಲಿ ನಿಂತು, "ಅವ್ವಾ, ಇನ್ನೂ ಟೈಮ್ ಐತಿ, ಟ್ರೇನಿಗೆ ಹೋಗ್ರಿ" ಅಂದ. ಲಾಕ್ ಲೊಮಂಡ್ ಸರೋವರದ ದಂಡೆಗೆ ಹತ್ತಿಕೊಂಡು ಎ82 ರಸ್ತೆ ಹೋಗುತ್ತದೆ. ಕೆಲವು ಕಡೆ ಒಂದು ಮಗ್ಗುಲು ಬಂಡೆ, ಇನ್ನೊಂದು ಮಗ್ಗುಲು ನೀರು. ಎದುರಿಗೆ ಬಸ್ ಬಂದರೆ ಉಸಿರು ಬಿಗಿ ಹಿಡಿಯಬೇಕು. ಮುಂದೆ ಗ್ಲೆನ್‌ಕೋ ಕಣಿವೆ ಕಡೆ ಇಳಿಯುವಾಗ ನಮ್ಮ ಮನೆಯವರು ಮೀಟರ್ ತೋರಿಸಿದರು. ಚಾರ್ಜ್ ಒಂದು ಪರ್ಸೆಂಟ್ ಏರಿತ್ತು. ಇಳಿಜಾರಿನಲ್ಲಿ ಮೋಟರೇ ಬ್ರೇಕ್ ಹಿಡಿದು ಬ್ಯಾಟರಿ ತುಂಬುತ್ತದೆ. ಗುಡ್ಡದ ಸೀಮೆಗೆ ಎಲೆಕ್ಟ್ರಿಕ್ ಕಾರು ಚೆನ್ನ ಅಂತ ನಾನು ಹೇಳುವುದು ಇದಕ್ಕೇ. ಸದ್ದೂ ಇಲ್ಲ. ಕಿಟಕಿ ಇಳಿಸಿದರೆ ಹಳ್ಳದ ನೀರು ಕೇಳುತ್ತದೆ.

ಸಂಜೆ ತಲುಪಿದಾಗ 12 ಪರ್ಸೆಂಟ್ ಉಳಿದಿತ್ತು. ನಾವು ಇಳಿದ ಮನೆಯಲ್ಲಿ ಚಾರ್ಜಿಂಗ್ ಇದೆ ಅಂತ ನೋಡಿಯೇ ಬುಕ್ ಮಾಡಿದ್ದೆ. ಗೋಡೆಗೆ ಪೆಟ್ಟಿಗೆ ಇತ್ತು, ಆದರೆ ಅದಕ್ಕೆ ಕೇಬಲ್ ಇರಲಿಲ್ಲ. ಬ್ರಿಟನ್‌ನಲ್ಲಿ ನಿಧಾನ ಚಾರ್ಜರ್‌ಗಳಲ್ಲಿ ಬಹಳಷ್ಟು ಹೀಗೇ: ಸಾಕೆಟ್ ಅವರದು, ಕೇಬಲ್ ಕಾರಿನವರದು. ಡಿಕ್ಕಿ ತೆಗೆದೆ, ಕೆಳಗಿನ ಹಲಗೆ ಎತ್ತಿದೆ. ಒಂದು ತ್ರಿಕೋನ ಫಲಕ, ಒಂದು ಜಾಕೆಟ್, ಅಷ್ಟೇ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ 40 ನಿಮಿಷ ಕಾದೆ. "ಏರ್‌ಪೋರ್ಟ್‌ಗೆ ಬಂದು ತಗೊಂಡು ಹೋಗಿ" ಅಂದರು. ನೂರು ಮೈಲಿಗೂ ಜಾಸ್ತಿ ದೂರ, ಕಾರಿನಲ್ಲಿ 12 ಪರ್ಸೆಂಟ್. ನನಗೆ ನಿಜಕ್ಕೂ ಸಿಟ್ಟು ಬಂತು. ಕೇಬಲ್ ಇಲ್ಲದ ಎಲೆಕ್ಟ್ರಿಕ್ ಕಾರು ಕೊಡುವುದೂ ಒಂದೇ, ಹಗ್ಗ ಇಲ್ಲದೆ ಕೊಡ ಕೊಟ್ಟು ಬಾವಿಗೆ ಕಳಿಸುವುದೂ ಒಂದೇ. ಕಡೆಗೆ ಆ ಮನೆಯ ಯಜಮಾನ, ಎಪ್ಪತ್ತರ ಮೇಲಿನ ಹಿರಿಯರು, ತಮ್ಮ ಕಾರಿನ ಕೇಬಲ್ ತಂದು ಸುರುಳಿ ಬಿಚ್ಚಿ ಕೊಟ್ಟರು. ಬೆಳಿಗ್ಗೆ ನೂರು ಪರ್ಸೆಂಟ್. ನಮ್ಮ ಹತ್ತಿರ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಒಂದು ಡಬ್ಬಿ ಕೊಟ್ಟು ಬಂದೆವು.

ವಾಪಸು ಬರುವ ದಿನ ಗ್ಲೆನ್ ಎಟಿವ್ ಕಣಿವೆಗೆ ಹೋದೆವು. ಅಲ್ಲಿ ಒಂದೇ ಗಾಡಿ ಹಿಡಿಸುವ ರಸ್ತೆ, ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಅಂತ ಫಲಕ. ಆ ಜಾಗ ಎಡಕ್ಕಿದ್ದರೆ ಒಳಗೆ ಸರಿಯಬೇಕು. ಬಲಕ್ಕಿದ್ದರೆ ರಸ್ತೆ ಮೇಲೇ ನಿಂತು ಎದುರಿನವರನ್ನು ಅದರೊಳಗೆ ಬಿಡಬೇಕು. ಪ್ರತಿ ಸಲ ಎದುರಿನವರು ಕೈ ಎತ್ತಿ ಹೋಗುತ್ತಾರೆ. ಹಾರ್ನ್ ಸದ್ದು ನಾನು ಕೇಳಲೇ ಇಲ್ಲ.

ದಾರಿಯಲ್ಲಿ ವೇಗದ ಚಾರ್ಜರ್ ಹಾಕಿದೆ. 22ರಿಂದ 80 ಪರ್ಸೆಂಟ್‌ಗೆ 31 ನಿಮಿಷ, 37.7 ಯುನಿಟ್, 29 ಪೌಂಡ್ 78 ಪೆನ್ಸ್. ಯುನಿಟ್‌ಗೆ 79 ಪೆನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 93 ರೂಪಾಯಿ. ಮನೆಯಲ್ಲಿ ಹೆಸ್ಕಾಂ ಬಿಲ್ ಯುನಿಟ್‌ಗೆ ಆರು ರೂಪಾಯಿ ಆಸುಪಾಸು ಇರುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಅಂದರೆ ಅಗ್ಗ ಅನ್ನುವ ನಮ್ಮೂರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ರಾತ್ರಿ ಇಳಿದುಕೊಳ್ಳುವ ಜಾಗದಲ್ಲಿ ಚಾರ್ಜ್ ಮಾಡಿದರೆ ಮಾತ್ರ ಉಳಿತಾಯ. ಹಣ ಕೊಡುವುದು ಸುಲಭ. 2024ರ ನವೆಂಬರ್‌ನಿಂದ ಅಲ್ಲಿನ ಸಾರ್ವಜನಿಕ ವೇಗದ ಚಾರ್ಜರ್‌ಗಳಲ್ಲಿ ಕಾರ್ಡ್ ಮುಟ್ಟಿಸಿ ಹಣ ಕೊಡುವ ಸೌಲಭ್ಯ ಇರಲೇಬೇಕು ಅಂತ ಕಾನೂನು ಇದೆ, ಯಾವ ಆ್ಯಪ್ ಕೂಡ ಬೇಕಿಲ್ಲ. ನೀವು ಊರು ಬಿಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಟ್ಟುಕೊಳ್ಳಿ. ಒಂದನ್ನು ಮರೆತರೂ ಕಾರ್ಡ್ ನಡೆಯುವುದಿಲ್ಲ.

ರವಿವಾರ ಮಗ, ಸೊಸೆ, ಮೊಮ್ಮಗನ ಜೊತೆ ವೈಟ್‌ಲೀಗೆ ಹೋದೆವು. ಗ್ಲಾಸ್ಗೋದ ದಕ್ಷಿಣಕ್ಕಿರುವ ಎತ್ತರದ ಬಯಲು, 215 ಗಾಳಿ ಫ್ಯಾನುಗಳು, 539 ಮೆಗಾವ್ಯಾಟ್. ನಮ್ಮ ಮನೆಯವರು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾ, "ಏ, ಕಪ್ಪತಗುಡ್ಡ ಕಂಡಂಗಾತು ನೋಡ" ಅಂದರು. ಮುಂಡರಗಿ ಕಡೆಯಿಂದ ನೋಡಿದ ಹಾಗೇ ಇತ್ತು, ಹುಲ್ಲು ಮಾತ್ರ ಹಸಿರು. ಮೊಮ್ಮಗನಿಗೆ ಮಗನ ಮನೆಯ ಸೀಟೇ ಹಾಕಿದ್ದೆವು. ಅಲ್ಲಿ 12 ವರ್ಷ ತುಂಬುವವರೆಗೆ ಇಲ್ಲವೇ 135 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳಿಗೆ ಬೇರೆ ಸೀಟು ಬೇಕೇ ಬೇಕು, ಬಾಡಿಗೆ ಕಂಪನಿ ಅದಕ್ಕೂ ದಿನದ ಲೆಕ್ಕ ಹಾಕುತ್ತದೆ.

ಇನ್ನು ಬಾಡಿಗೆ ಕಂಪನಿಯವರು ತಮ್ಮ ಸದಸ್ಯರಿಗೆ ಕೊಡುವ ಅಂಕಗಳು. ಸೇರಲು ದುಡ್ಡಿಲ್ಲ, ಅದಕ್ಕೇ ಸೇರಿದ್ದೆ. ಕೌಂಟರ್ ಸಾಲು ತಪ್ಪುತ್ತದೆ ಅಂದಿದ್ದರು. ಮೊದಲ ಸಲದವರ ಲೈಸೆನ್ಸ್ ಕಣ್ಣಾರೆ ನೋಡಬೇಕು ಅಂತ ಎಲ್ಲರ ಜೊತೆ ಸಾಲಿನಲ್ಲೇ ನಿಲ್ಲಿಸಿದರು. ಅಂಕ ಬರುವುದು ಬಾಡಿಗೆಗೆ ಮಾತ್ರ, ತೆರಿಗೆಗೂ ವಿಮೆಗೂ ಇಲ್ಲ. ನನಗೆ ಬಂದದ್ದು 210. ಒಂದು ದಿನ ಪುಕ್ಕಟೆ ಕಾರು ಬೇಕಾದರೆ 900 ಆಗಬೇಕು. ಹದಿನೆಂಟು ತಿಂಗಳು ಬಾಡಿಗೆ ತಗೊಳ್ಳದಿದ್ದರೆ ಇದ್ದದ್ದೂ ಹೋಗುತ್ತದೆ. ನಾನು ಮಗನ ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ! ನಮ್ಮಂಥವರು ಅಂಕದ ಆಸೆಗೆ ಒಂದೇ ಕಂಪನಿಗೆ ಅಂಟಿಕೊಳ್ಳಬಾರದು. ಪ್ರತಿ ಸಲ ದರ ನೋಡಿ ಬುಕ್ ಮಾಡಿ. ಅಂಕದ ಬದಲು ವಿಮಾನದ ಮೈಲಿ ಕೊಡುವವರೂ ಇದ್ದಾರೆ, ವರ್ಷಕ್ಕೊಮ್ಮೆಯಾದರೂ ವಿಮಾನ ಹತ್ತುವವರಿಗೆ ಅದು ಮೇಲು. ಮಧ್ಯವರ್ತಿ ವೆಬ್‌ಸೈಟ್‌ಗಳಿಂದ ಬುಕ್ ಮಾಡಿದರೆ ಸಾಮಾನ್ಯವಾಗಿ ಅಂಕ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಕೆಲಸದ ಮೇಲೆ ತಿಂಗಳಿಗೊಮ್ಮೆ ಕಾರು ಹಿಡಿಯುವವರ ಲೆಕ್ಕ ಬೇರೆ. ಅವರಿಗೆ ಸಾಲು ನಿಜವಾಗಿಯೂ ತಪ್ಪುತ್ತದೆ.

ಕಾರು ವಾಪಸು ಕೊಟ್ಟದ್ದು ಬೆಳಿಗ್ಗೆ ಆರಕ್ಕೆ. ಯಾರೂ ಇರಲಿಲ್ಲ, ಕೀಲಿಯನ್ನು ಪೆಟ್ಟಿಗೆಗೆ ಹಾಕಬೇಕು. ಮೀಟರ್ 71 ತೋರಿಸುತ್ತಿತ್ತು. ಚಾರ್ಜ್, ಓಡಿದ ಮೈಲಿ, ಗಡಿಯಾರ ಮೂರೂ ಕಾಣುವಂತೆ ಫೋಟೋ ತೆಗೆದೆ. ಗದಗಿಗೆ ಬಂದು ನಾಲ್ಕನೇ ದಿನ ಕಾರ್ಡ್‌ಗೆ 35 ಪೌಂಡ್ ಬಿತ್ತು. ಚಾರ್ಜ್ 58 ಪರ್ಸೆಂಟ್ ಇತ್ತು ಅಂತ ಕಾರಣ. ಕರಾರಿನ ಪುಟ, ಫೋಟೋ, ಜೊತೆಗೆ ಕೇಬಲ್ ಕತೆಯನ್ನೂ ಬರೆದು ಕಳಿಸಿದೆ. ಎರಡು ಸಲ ಸಿದ್ಧ ಉತ್ತರ ಬಂತು. ಮೂರನೇ ಸಲ ಒಬ್ಬರು ಓದಿ ಬರೆದರು, ಕ್ಷಮೆಯನ್ನೂ ಕೇಳಿದರು. ಹತ್ತೊಂಬತ್ತನೇ ದಿನ 35 ಪೌಂಡ್ ವಾಪಸು ಬಂತು. ಅದರ ಮೇಲೆ ಹೋಗಿದ್ದ ವಿದೇಶಿ ಶುಲ್ಕ ಬರಲಿಲ್ಲ. ಕೇಬಲ್ ಬಗ್ಗೆ ಮಾತ್ರ ಇವತ್ತಿನವರೆಗೂ ಒಂದು ಸಾಲಿನ ಉತ್ತರ ಇಲ್ಲ.