ತಿಳಿಯದ್ದಕ್ಕೊಂದು ಅಳತೆ: ಹಾರ್ವರ್ಡ್‌ನ ಸಿಎಸ್50 ಕೋರ್ಸ್

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಆರು ವರ್ಷಗಳಿಂದ ಬೆಂಗಳೂರಿನಲ್ಲಿ ವೆಬ್ ಡೆವಲಪರ್ ಆಗಿರುವ ನನಗೆ ಜಾವಾಸ್ಕ್ರಿಪ್ಟ್ ಬರೆಯುವುದು ಎಂದೂ ಕಷ್ಟವೆನಿಸಿರಲಿಲ್ಲ. ಆದರೆ ಮೀಟಿಂಗಿನಲ್ಲಿ ಪಾಯಿಂಟರ್ (ಮೆಮರಿಯಲ್ಲಿನ ವಿಳಾಸ), ಹ್ಯಾಶ್ ಟೇಬಲ್ (ಬೇಗ ಹುಡುಕಲು ಮಾಹಿತಿಯನ್ನು ಜೋಡಿಸಿಡುವ ಬಗೆ), ಮೆಮರಿ ಲೀಕ್ (ಬಳಸಿ ಮುಗಿದ ಮೆಮರಿಯನ್ನು ಬಿಟ್ಟುಕೊಡದ ದೋಷ) ಎಂಬ ಮಾತು ಬಂದಾಗಲೆಲ್ಲ ಸುಮ್ಮನಾಗುತ್ತಿದ್ದೆ. ಕೇಳಿದರೆ ನನಗೆ ಬುನಾದಿಯೇ ಇಲ್ಲವೆಂಬುದು ಎಲ್ಲರಿಗೂ ತಿಳಿದುಹೋಗುತ್ತದೆ ಎಂಬ ಅಳುಕು ಕಾಡುತ್ತಿತ್ತು. ಆ ಅಳುಕನ್ನು ಹೊತ್ತುಕೊಂಡೇ ಕಂಪ್ಯೂಟರ್ ವಿಜ್ಞಾನದ ಬುನಾದಿ ಕಲಿಸುವ ಸಿಎಸ್50 ಕೋರ್ಸಿಗೆ ಸೇರಿದೆ. ಡೇವಿಡ್ ಮಲಾನ್ ಅವರು 2007ರಿಂದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿರುವ ಈ ಕೋರ್ಸನ್ನು ಆನ್‌ಲೈನಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಮಾಡಬಹುದು. ಆನ್‌ಲೈನ್ ಕೋರ್ಸುಗಳ ತಾಣವಾದ ಎಡ್‌ಎಕ್ಸ್‌ನ ದೃಢೀಕೃತ ಸರ್ಟಿಫಿಕೇಟ್ ಬೇಕಾದವರು ಮಾತ್ರ ಹಣ ಕಟ್ಟಬೇಕು.

ಪಾಠಗಳು, ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನ ಬಣ್ಣದ ಬ್ಲಾಕುಗಳಿಂದ ಆರಂಭವಾಗಿ, ಮರುವಾರವೇ ಹಳೆಯ ಪ್ರೋಗ್ರಾಮಿಂಗ್ ಭಾಷೆಯಾದ ಸಿಗೆ ಬಂದು, ಐದನೆಯ ವಾರದವರೆಗೂ ಅಲ್ಲಿಯೇ ನಿಲ್ಲುತ್ತವೆ. ಈ ಕಾಲಕ್ಕೆ ಸಿ ಏಕೆ ಎಂಬ ಪ್ರಶ್ನೆಗೆ ನಾಲ್ಕನೆಯ ವಾರದ 'ರಿಕವರ್' ಎಂಬ ಅಭ್ಯಾಸದಲ್ಲಿ ನನಗೆ ಉತ್ತರ ಸಿಕ್ಕಿತು. ಕ್ಯಾಮೆರಾದ ಮೆಮರಿ ಕಾರ್ಡಿನಿಂದ ಅಳಿಸಿಹೋದ 50 ಚಿತ್ರಗಳನ್ನು ಮರಳಿ ತೆಗೆಯುವುದು ಅಲ್ಲಿನ ಕೆಲಸ: ಕಾರ್ಡಿನ ಪ್ರತಿಯನ್ನು ಒಂದು ಸಲಕ್ಕೆ 512 ಬೈಟ್‌ಗಳಂತೆ ಓದುತ್ತಾ, ಜೆಪೆಗ್ ಚಿತ್ರ ಕಡತದ ಆರಂಭದ ಗುರುತು ಕಂಡಲ್ಲಿ ಹೊಸ ಕಡತ ತೆರೆದು, ಮುಂದಿನ ಗುರುತು ಸಿಗುವವರೆಗೂ ಅದರಲ್ಲಿ ಬರೆಯುತ್ತಾ ಹೋಗಬೇಕು. ಇದಕ್ಕೆ ಮೂರು ಸಂಜೆ ಹಿಡಿಯಿತು. ಮೊದಲ ಚಿತ್ರ ತೆರೆದುಕೊಂಡಾಗ, ಇಷ್ಟು ವರ್ಷ 'ಫೈಲ್' ಎಂದು ಹೇಳುತ್ತಿದ್ದುದರ ಒಳಗೇನಿದೆ ಎಂಬುದು ಕಣ್ಣಿಗೆ ಕಂಡಿತು. ಮರುವಾರ ಸುಮಾರು 1,43,000 ಪದಗಳ ನಿಘಂಟನ್ನು ಹ್ಯಾಶ್ ಟೇಬಲಿಗೆ ತುಂಬಿ, ಒಂದು ಬೈಟ್ ಕೂಡ ಸೋರಿಲ್ಲವೆಂದು ಮೆಮರಿ ಪರೀಕ್ಷಿಸುವ ವಾಲ್‌ಗ್ರೈಂಡ್ ಉಪಕರಣ ತೋರಿಸುವವರೆಗೂ ತಿದ್ದಿದೆ. ನನ್ನನ್ನು ಸುಮ್ಮನಾಗಿಸುತ್ತಿದ್ದ ಮೂರು ಪದಗಳೂ ಅಲ್ಲಿಗೆ ತೀರಿದವು. ತಿಳಿಯದ್ದು ತಳವಿಲ್ಲದ ಬಾವಿ ಎಂದುಕೊಂಡಿದ್ದೆ. ಅದು ಬೆರಳೆಣಿಕೆಯ ವಾರಗಳಲ್ಲಿ ಕಲಿಯಬಹುದಾದ ವಿಷಯಗಳ ಪಟ್ಟಿಯಾಗಿತ್ತು.

ಕಳೆದ ತಿಂಗಳು ಮೀಟಿಂಗಿನಲ್ಲಿ 'ಬ್ಲೂಮ್ ಫಿಲ್ಟರ್' ಎಂಬ ಮಾತು ಬಂದಾಗ, ನನಗೆ ಗೊತ್ತಿಲ್ಲ, ವಿವರಿಸಿ ಎಂದು ಕೇಳಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಎದ್ದು ಬೋರ್ಡಿನ ಮೇಲೆ ಚಿತ್ರ ಬರೆದರು. ಪಕ್ಕದ ಇಬ್ಬರು ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡರು.

ಕೋರ್ಸಿನ ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಹಲವು ವಾರಗಳ ಅಭ್ಯಾಸಗಳು ಎರಡು ಬಗೆಯಲ್ಲಿವೆ. ಅವನ್ನು ದಡ್ಡರಿಗೆ, ಜಾಣರಿಗೆ ಎಂದು ವಿಂಗಡಿಸದೆ, ಇನ್ನೂ ಪಳಗದವರಿಗೆ, ಪಳಗಿದವರಿಗೆ ಎಂಬ ಭಾವದಲ್ಲಿ ಹೆಸರಿಸಲಾಗಿದೆ. ಯಾವುದನ್ನು ಆರಿಸುವುದೆಂಬುದು ನಮಗೇ ಬಿಟ್ಟದ್ದು. ಮೂರನೆಯ ವಾರದಲ್ಲಿ ನಾನು ಕಷ್ಟದ 'ಟೈಡ್‌ಮನ್' ಅಭ್ಯಾಸ ಬಿಟ್ಟು ಸುಲಭದ 'ರನ್‌ಆಫ್' ಆರಿಸಿದೆ, ಅದರಿಂದ ಯಾವ ನಷ್ಟವೂ ಆಗಲಿಲ್ಲ.

ಸಿ ನಂತರ ಬರುವ ಪೈಥಾನ್, ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಮತ್ತು ವೆಬ್ ಪಾಠಗಳನ್ನು ಈಗಾಗಲೇ ಕೆಲಸದಲ್ಲಿರುವವರು ಬೇಗ ದಾಟಬಹುದು. ಕೊರತೆಗಳೂ ಇವೆ. ಉಪನ್ಯಾಸಗಳು ಎರಡು ಗಂಟೆಯಷ್ಟು ದೀರ್ಘವಾಗಿದ್ದು, ಇಂಗ್ಲಿಷ್ ಮಾತು ವೇಗವಾಗಿ ಸಾಗುವುದರಿಂದ ನನ್ನಂತೆ ಕನ್ನಡ ಮಾಧ್ಯಮದಲ್ಲಿ ಓದಿದವರು ಸಬ್‌ಟೈಟಲ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡುವುದು ಒಳ್ಳೆಯದು. 'ಚೆಕ್50' ಎಂಬ ಉಪಕರಣ ಉತ್ತರ ತಪ್ಪಿದೆ ಎಂದು ತೋರಿಸುತ್ತದೆಯೇ ಹೊರತು, ನಮ್ಮ ಯೋಚನೆ ಎಲ್ಲಿ ತಪ್ಪಿತೆಂದು ಕೂತು ಹೇಳುವವರು ಇಲ್ಲ. ಅದಕ್ಕಾಗಿ ಜೊತೆಗೆ ಕಲಿಯುವ ಸ್ನೇಹಿತರೊಬ್ಬರನ್ನು ಮೊದಲೇ ಹುಡುಕಿಕೊಳ್ಳಿ. ನೌಕರಿಯ ನಡುವೆ ನನಗೆ ಐದು ತಿಂಗಳು ಬೇಕಾಯಿತು.